ಆಲೆಮನೆಯ ತಣ್ಣನೆ ಬದಿ

ಶಿವರಾತ್ರಿಗೆ ಮುಂಚಿನ ವಾರಗಳಲ್ಲಿ ಸೊರಬದಿಂದ ಚಂದ್ರಗುತ್ತಿ ಕಡೆ ಹೊರಟವರು ಬೈಕ್ ಆಫ್ ಮಾಡಿ ಕಿವಿಗೊಟ್ಟರೆ ಸಾಕು, ಆಲೆಮನೆ ಯಾವ ದಿಕ್ಕಿಗಿದೆ ಎಂದು ತಿಳಿಯುತ್ತದೆ. ಕೋಣ ಸುತ್ತುತ್ತಿದ್ದ ಕಣದಲ್ಲಿ ಈಗ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್. ಉಳಿದವರು ಜೋನಿ ಬೆಲ್ಲಕ್ಕೆ ಡಬ್ಬ ಹಿಡಿದು ಬರುತ್ತಾರೆ. ನಾನು ಎಂಜಿನ್ ನೋಡಲು. (ಕಬ್ಬಿನಹಾಲು ಬೇಡ ಅನ್ನುವಷ್ಟು ವೈರಾಗ್ಯವೇನೂ ಇಲ್ಲ.)

ನಾನು ಕಂಡದ್ದು ಹಳೇ ಲಿಸ್ಟರ್ ಮಾದರಿ. ಮೂಲ ಇಂಗ್ಲೆಂಡಿನ ಡರ್ಸ್ಲಿ, ನಕಲು ನಮ್ಮ ರಾಜಕೋಟ್. ನಿಮಿಷಕ್ಕೆ 650 ಸುತ್ತು, ಎರಡು ಸುತ್ತಿಗೊಂದು ಸಿಡಿತ, ಅಂದರೆ 325 ಬಡಿತ. ಕಿಡಿ ಹೊತ್ತಿಸುವ ಪ್ಲಗ್ ಇದಕ್ಕಿಲ್ಲ. ಒತ್ತಿದ ಗಾಳಿ ಎಷ್ಟು ಕಾಯುತ್ತದೆಂದರೆ ಡೀಸೆಲ್ ಬಿದ್ದೊಡನೆ ತಾನೇ ಹೊತ್ತಿಕೊಳ್ಳುತ್ತದೆ. ಆ ಬೆಂಕಿಯಲ್ಲಿ ಗಾಣಕ್ಕೆ ಮುಟ್ಟುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಉಳಿದದ್ದು ಹೊಗೆಗೆ, ಪಕ್ಕದ ಡ್ರಮ್ಮಿನ ನೀರಿಗೆ. ಸಂಜೆ ಆಳುಗಳು ಆ ನೀರಲ್ಲೇ ಕೈಕಾಲು ತೊಳೆಯುತ್ತಾರೆ. ದಂಡ ಅನ್ನಬೇಡಿ. ಕಾವು ಹರಿದುಹೋಗಲು ತಣ್ಣನೆಯ ಜಾಗವಿಲ್ಲದೆ ಯಾವ ಎಂಜಿನ್ನೂ ತಿರುಗದೆಂದು 1824ರಲ್ಲೇ ಕಾರ್ನೋ ಲೆಕ್ಕ ಹಾಕಿಟ್ಟಿದ್ದಾನೆ.

ಇದು ನನಗೆ ಅರ್ಥವಾದದ್ದು ಮಾತ್ರ ಒಲೆಯ ಹತ್ತಿರ. ಶಿಕಾರಿಪುರದ ಗುಜರಿಯಲ್ಲಿ ಕಾರಿನ ಪುಟ್ಟ ಫ್ರಿಜ್ ಒಂದು ಸಿಕ್ಕಿತ್ತು. ಅದರೊಳಗಿನ ಬಿಳಿ ಬಿಲ್ಲೆಗೆ ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಬಿಸಿಯಾಗುತ್ತದೆ. ಇದು ಪೆಲ್ಟಿಯೆ ಕಂಡದ್ದು. ಒಂದು ಬದಿ ಕಾಯಿಸಿ ಇನ್ನೊಂದನ್ನು ತಂಪಾಗಿಟ್ಟರೆ ಅದೇ ಬಿಲ್ಲೆ ಕರೆಂಟ್ ಕೊಡುತ್ತದೆ. ಅದು ಇನ್ನೂ ಹಳೆಯದು, 1821ರ ಸೀಬೆಕ್. ಕೊಪ್ಪರಿಗೆ ಒಲೆಯ ಪಕ್ಕದ ತಗಡಿಗೆ ಬಿಲ್ಲೆ ಒತ್ತಿ, ಮೇಲೆ ನೀರಿನ ಡಬ್ಬಿ ಇಟ್ಟೆ. ಎಲ್‌ಇಡಿ ಹತ್ತಿತು! ಹತ್ತು ನಿಮಿಷಕ್ಕೆ ಮಂಕಾಯಿತು. ಒಲೆಯೇನೋ ಧಗಧಗ ಉರಿಯುತ್ತಿತ್ತು. ಬಿಸಿಯಾಗಿದ್ದು ಡಬ್ಬಿಯ ನೀರು.

ನಾನೋ ದುರಾಸೆಗೆ ಬಿದ್ದು ಬಿಲ್ಲೆಯನ್ನು ಒಲೆಬಾಯಿಗೆ ಸರಿಸಿದೆ. ಇಂಥ ಅಗ್ಗದ ಬಿಲ್ಲೆಗಳ ಬೆಸುಗೆ ಸಾಮಾನ್ಯವಾಗಿ 138 ಡಿಗ್ರಿಗೇ ಕರಗುತ್ತದೆ. ಕತೆ ಮುಗಿಯಿತು.

ಎಲ್ಲ ಸರಿಯಿದ್ದರೂ ಈ ಬಿಲ್ಲೆ ನೂರು ಪಾಲು ಕಾವಿನಲ್ಲಿ ಐದನ್ನು ಕರೆಂಟ್ ಮಾಡಿದರೆ ಹೆಚ್ಚು. ಪಂಪಿಗಲ್ಲ, ಒಂದು ಬಲ್ಬಿಗೆ. ಆದರೆ ಅಲುಗುವ ಭಾಗವೇ ಇಲ್ಲ; 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಪ್ಲುಟೋನಿಯಂ ಕಾವಿನ ಮೇಲೆ ಬದುಕಿರುವುದು ಇದೇ ಉಪಾಯದಿಂದ.

ಈ ಸಲ ಹೆಚ್ಚು ಕಾವು ತಡೆಯುವ ಬಿಲ್ಲೆ ಒಯ್ದಿದ್ದೆ. ಹಳ್ಳದಿಂದ ಬರುವ ತಣ್ಣೀರಿನ ಪೈಪಿಗೆ ಕೈ ಹಾಕುತ್ತಿದ್ದಂತೆ ಆಲೆಮನೆ ಯಜಮಾನರು ಅಲ್ಲಿಂದಲೇ ಕೂಗಿದರು: "ಸಾರ್, ಅದು ಎಂಜಿನ್ನಿಗೆ. ಮುಟ್ಬೇಡಿ."