ಪುಲ್ಲಂಪುರಚಿಯ ಮುಂದೆ ಕಳೆನಾಶಕ

ಹೊಲದ ಬದುವಿನಲ್ಲಿ ಗಳಿಸಿದ ಹೆಸರನ್ನು ಗ್ಲೈಫೋಸೇಟ್ ಕಳೆನಾಶಕ ನರ್ಸರಿಯಲ್ಲೂ ಅನುಭವಿಸುತ್ತಿದೆ. ಚೀಲದ ಸಸಿಗಳ ನಡುವೆ ಅದು ಆ ಹೆಸರಿಗೆ ಅರ್ಹವಲ್ಲ. ಇದಕ್ಕೆ ಪುಲ್ಲಂಪುರಚಿ ಎಂಬ ಕಳೆಯೊಂದೇ ಸಾಕ್ಷಿ ಸಾಕು.

ಹೃದಯಾಕಾರದ ಮೂರೆಲೆ, ಐದೆಸಳಿನ ಹಳದಿ ಹೂ, ಅಗಿದರೆ ಹುಳಿ: ಇಷ್ಟು ಗುರುತು ಎಲ್ಲರಿಗೂ ಗೊತ್ತು. ನಿಜವಾಗಿ ನೋಡಬೇಕಾದ್ದು ಕಾಯಿಯನ್ನು. ಪುಟ್ಟ ಬೆಂಡೆಯಂತೆ ಐದು ಏಣುಗಳಿದ್ದು ನೆಟ್ಟಗೆ ನಿಂತಿರುತ್ತದೆ. ಬಲಿತದ್ದಕ್ಕೆ ಬೆರಳು ತಾಗಿದರೆ ಸಾಕು, ಬೀಜದ ಸುತ್ತಲಿನ ಪೊರೆ ಒಡೆದು ಬೀಜ ಮೀಟರುಗಟ್ಟಲೆ ದೂರ ಸಿಡಿಯುತ್ತದೆ. ಪಕ್ಕದ ಚೀಲಕ್ಕೆ, ಕುಂಡದ ಅಂಚಿಗೆ, ಕೆಲಸದವರ ಬಟ್ಟೆಗೆ ಅಂಟುತ್ತದೆ. ಈ ಹಂತದಲ್ಲಿ ಸಿಂಪಡಿಸಿದರೆ ಏನು ಫಲ? ಗಿಡ ಬಾಡಲು ದಿನಗಳು ಬೇಕು, ಅಷ್ಟರಲ್ಲಿ ಕಾಯಿ ಸಿಡಿದಿರುತ್ತದೆ. ಮಣ್ಣಿಗೆ ಬಿದ್ದ ಬೀಜವನ್ನು ಗ್ಲೈಫೋಸೇಟ್ ಮುಟ್ಟುವುದೇ ಇಲ್ಲ, ಸಸಿಯ ಹಸಿರು ಕಾಂಡಕ್ಕೆ ಹನಿ ಬಿದ್ದರೆ ನಷ್ಟ ನಮಗೇ. ಪೆಂಡಿಮೆಥಾಲಿನ್‌ನಂಥ ಕಳೆನಾಶಕಗಳು ಮೊಳಕೆ ತಡೆಯುತ್ತವೆ ನಿಜ, ಆದರೆ ಎದ್ದು ನಿಂತ ಗಿಡವನ್ನು ಕೊಲ್ಲವು.

ಕೈಯಿಂದ ಕೀಳುವುದೂ ಬೇಕಾಬಿಟ್ಟಿಯಾದರೆ ವ್ಯರ್ಥ. ಹರಿದ ಕಾಂಡ ಗಿಣ್ಣಿನಲ್ಲಿ ಬೇರು ಬಿಡುತ್ತದೆ, ಉಳಿದ ತಾಯಿಬೇರು ಚಿಗುರುತ್ತದೆ. ಮೊದಲು ನೀರು ಹಾಕಿ ಬೇರುಸಹಿತ ಎತ್ತಬೇಕು, ಕಿತ್ತದ್ದನ್ನು ಸಾಲಿನ ನಡುವೆ ಎಸೆಯದೆ ಹೊರಗೊಯ್ಯಬೇಕು. ಬೀಜ ಮೊಳೆಯಲು ಬೆಳಕು ಬೇಕಾದ್ದರಿಂದ ಚೀಲದ ಮೇಲೆ ತೆಂಗಿನ ಸಿಪ್ಪೆಯ ದಪ್ಪ ಹೊದಿಕೆ ಒಳ್ಳೆಯದು. ತುಂಬುವ ಮಣ್ಣನ್ನು ಬೇಸಿಗೆಯಲ್ಲಿ ಒದ್ದೆ ಮಾಡಿ, ಪಾರದರ್ಶಕ ಪಾಲಿಥೀನ್ ಹೊದಿಸಿ, ನಾಲ್ಕರಿಂದ ಆರು ವಾರ ಕಾಯಿಸಿದರೆ ಕಳೆಬೀಜದ ಹೊರೆಯೇ ಇಳಿಯುತ್ತದೆ.

ಇದು ಕಳೆಯೇ ಅಲ್ಲ, ತಂಬುಳಿಯ ಸೊಪ್ಪು ಎನ್ನುವ ಇನ್ನೊಂದು ಪಂಥವಿದೆ. ತಂಬುಳಿ ರುಚಿ ನಿಜ. ಸಣ್ಣ ನೀಲಿ ಚಿಟ್ಟೆಯೊಂದರ ಮರಿಗಳಿಗೂ ಅದೇ ಊಟ. ಹಿತ್ತಿಲಲ್ಲಿ ಆ ವಾದ ಒಪ್ಪುತ್ತೇನೆ. ನರ್ಸರಿಯಲ್ಲಿ ಅದು ಬೇಜವಾಬ್ದಾರಿಯ ಮಾತು. ಔಷಧಿ ಹೊಡೆದ ಚೀಲದ ಸೊಪ್ಪನ್ನು ಯಾರು ತಿನ್ನಬೇಕು? ಮುಸುಕಿನ ಜೋಳದ ತುಕ್ಕುರೋಗದ ಶಿಲೀಂಧ್ರ ತನ್ನ ಜೀವನದ ಒಂದು ಹಂತವನ್ನು ಇದೇ ಗಿಡದ ಮೇಲೆ ಕಳೆಯಬಲ್ಲದು ಎಂಬುದನ್ನು ಈ ಪಂಥದವರು ಹೇಳುವುದೇ ಇಲ್ಲ. ಮಾರಿದ ಪ್ರತಿ ಸಸಿಯೊಂದಿಗೆ ಈ ಗಿಡ ಕೊಂಡವರ ಅಂಗಳಕ್ಕೂ ಹೋಗುತ್ತದೆ. ಬೇಕೋ ಬೇಡವೋ ಎಂದು ಅವರನ್ನು ಯಾರೂ ಕೇಳಿಲ್ಲ.

ಪುಲ್ಲಂಪುರಚಿಯನ್ನು ಗೆಲ್ಲುವುದು ಡಬ್ಬಿಯ ಔಷಧಿಯಲ್ಲ, ಸಮಯ. ನರ್ಸರಿಯವರು ಹಳದಿ ಹೂ ಕಂಡೊಡನೆ, ಕಾಯಿ ಕಟ್ಟುವ ಮೊದಲೇ ಕೀಳಲಿ. ಕೊಳ್ಳುವವರು ಸಸಿಯ ಎಲೆಯಷ್ಟೇ ಅಲ್ಲ, ಚೀಲದ ಮೇಲ್ಮಣ್ಣನ್ನೂ ನೋಡಿಯೇ ಹಣ ಕೊಡಲಿ.