ಹತ್ತು ಸೆಕೆಂಡಿನ ಗಿರಾಕಿ

ಹುಬ್ಬಳ್ಳಿಯಿಂದ ಚಿತ್ರಕಲಾ ಶಿಕ್ಷಕಿಯೊಬ್ಬರು ಫೋನು ಮಾಡಿದ್ದರು. ‘ಸರ, ಚಿತ್ರಸಂತಿಗೆ ಅರ್ಜಿ ಹಾಕ್ಲ್ಯೋ ಬ್ಯಾಡೋ, ಒಂದ್ ಮಾತು ಹೇಳ್ರಿ’ ಎಂದರು. ಒಂದು ಮಾತಿನಲ್ಲಿ ಮುಗಿಯುವ ವಿಷಯ ಅದಲ್ಲ. ಮೊದಲು ಚಿತ್ರ ಕಳಿಸಿ ಎಂದೆ. ಮೂರು ಬಂದವು. ಎರಡು ಜಲವರ್ಣ: ಕಿತ್ತೂರು ಕಡೆಯ ಹೊಲಗಳ ಮೇಲೆ ಮುಂಜಾನೆಯ ಮಂಜು, ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವು. ಮೂರನೆಯದು ಕಪ್ಪು ಶಾಯಿಯಲ್ಲಿ ಬರೆದ ದುರ್ಗದ ಬೈಲ್: ತಳ್ಳುಗಾಡಿ, ಛತ್ರಿ, ಮಿರ್ಚಿ ಬಾಣಲೆ, ಅದರ ಸುತ್ತ ಜನ. ಮೂರೂ ಒಳ್ಳೆಯ ಚಿತ್ರಗಳೇ. ಆದರೆ ಮೂರಕ್ಕೂ ಒಂದೇ ಉತ್ತರ ಕೊಡಲು ನನ್ನಿಂದಾಗಲಿಲ್ಲ.

ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ತಡೆದು ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಈ ಸಂತೆ ಗೊತ್ತಿಲ್ಲದವರು ಕಡಿಮೆ. 2025ರ ಜನವರಿಯಲ್ಲಿ ನಡೆದದ್ದು 22ನೆಯದು. ಸುಮಾರು 1,500 ಮಳಿಗೆ, ಲಕ್ಷಗಟ್ಟಲೆ ಜನ, ನೂರು ರೂಪಾಯಿಯ ಚಿತ್ರದಿಂದ ಲಕ್ಷದ ಚಿತ್ರದವರೆಗೆ ಒಂದೇ ಬೀದಿಯಲ್ಲಿ. ನಡುವೆ ದಲ್ಲಾಳಿ ಇಲ್ಲ. ಗ್ಯಾಲರಿಗಳಲ್ಲಾದರೆ ಮಾರಿದ ಬೆಲೆಯ ಮೂರನೇ ಒಂದು ಪಾಲು, ಕೆಲವೆಡೆ ಅರ್ಧವೇ, ಗೋಡೆಯ ಬಾಬ್ತಿಗೆ ಹೋಗುತ್ತದೆ. ಇಲ್ಲಿ ಕೊಳ್ಳುವವನ ಕೈಯಿಂದ ಬರೆದವನ ಕೈಗೆ. ಇಷ್ಟು ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ. ನನಗೂ ಆಗಿತ್ತು.

ಆಸೆಯಾದವರೆಲ್ಲ ಮೊದಲು ಕೇಳುವುದು ‘ಎಷ್ಟು ಮಾರಾಟ ಆಗುತ್ತೆ?’ ಅಂತ. ಅದನ್ನು ಯಾರೂ ನಿಜ ಹೇಳುವುದಿಲ್ಲ. ಚೆನ್ನಾಗಿ ಮಾರಿದವರು ಕಣ್ಣು ಬಿದ್ದೀತೆಂದು ಕಡಿಮೆ ಹೇಳುತ್ತಾರೆ, ಮಾರದವರು ಮರ್ಯಾದೆಗೆಂದು ಹೆಚ್ಚು ಹೇಳುತ್ತಾರೆ. ನಾನು ಹಾಕುವ ಲೆಕ್ಕ ಬೇರೆ. ಒಬ್ಬ ಮನುಷ್ಯ ಸಂತೆಯಲ್ಲಿ ನಾಲ್ಕು ಗಂಟೆ ಸುತ್ತುತ್ತಾನೆ ಅನ್ನೋಣ. ಅಂದರೆ 14,400 ಸೆಕೆಂಡು. ಎಲ್ಲ 1,500 ಮಳಿಗೆಯನ್ನೂ ನೋಡುತ್ತೇನೆಂದು ಹಠ ಹಿಡಿದರೆ ತಲಾ ಹತ್ತು ಸೆಕೆಂಡೂ ದಕ್ಕುವುದಿಲ್ಲ. ಅದರಲ್ಲೇ ಚುರುಮುರಿ, ಸೆಲ್ಫಿ, ಕೈತಪ್ಪಿದ ಮಗುವನ್ನು ಹುಡುಕುವುದು ಎಲ್ಲ ಆಗಬೇಕು. ಹಿಂದಿನಿಂದ ಜನ ನೂಕುತ್ತಿರುತ್ತಾರೆ. ನಿಮ್ಮ ಚಿತ್ರ ಈ ಗಿರಾಕಿಯ ಕಾಲನ್ನು ಹಿಡಿದು ನಿಲ್ಲಿಸುತ್ತದೆಯೇ? ಅರ್ಜಿ ತುಂಬುವ ಮೊದಲು ಕೇಳಿಕೊಳ್ಳಬೇಕಾದದ್ದು ಇದು.

ನಿಲ್ಲಿಸದಿದ್ದರೆ ಚಿತ್ರ ಕೆಟ್ಟದ್ದೆಂದು ಅರ್ಥವಲ್ಲ. ಕೆ. ವೆಂಕಟಪ್ಪನವರು ಊಟಿಯ ಬೆಟ್ಟಗಳನ್ನು ಬರೆದ ಜಲವರ್ಣಗಳು ಕಸ್ತೂರಬಾ ರಸ್ತೆಯಲ್ಲಿ ಅವರದೇ ಹೆಸರಿನ ಗ್ಯಾಲರಿಗೆ ಸೇರಿವೆ. ಅವುಗಳ ಮುಂದೆ ಸುಮ್ಮನೆ ನಿಂತಿರಬೇಕು. ಸ್ವಲ್ಪ ಹೊತ್ತಾದ ಮೇಲೆ ಮಂಜಿನೊಳಗಿಂದ ಬೆಟ್ಟ ಒಂದೊಂದೇ ಎದ್ದು ಬರುತ್ತದೆ. ಅಂಥ ಚಿತ್ರವನ್ನು ಕುಮಾರಕೃಪಾ ರಸ್ತೆಯ ಮರಕ್ಕೆ ಒರಗಿಸಿಟ್ಟರೆ ಬೆಟ್ಟ ಏಳುವ ಮೊದಲೇ ಗಿರಾಕಿ ಮುಂದಿನ ಮಳಿಗೆಯ ಬುದ್ಧನ ಮುಂದೆ ಇರುತ್ತಾನೆ. (ಬುದ್ಧ ಅಂದೆನಲ್ಲ: ಸಂತೆಯಲ್ಲಿ ಅರೆಗಣ್ಣು ಮುಚ್ಚಿದ ಬುದ್ಧ, ಓಡುವ ಏಳು ಕುದುರೆ, ಕೊಳಲಿನ ಕೃಷ್ಣ, ಈ ಮೂವರಿಗೆ ಯಾವ ವರ್ಷವೂ ಬರವಿಲ್ಲ. ನಾನು ಅವರ ವಿರೋಧಿಯಲ್ಲ, ಸ್ವಲ್ಪ ದಣಿದಿದ್ದೇನೆ ಅಷ್ಟೆ.) ಬಿಸಿಲಿನಲ್ಲಿ ಗೆಲ್ಲುವವರು ಬೇರೆ. ಮೈಸೂರು ಸಂಪ್ರದಾಯದ ಚಿತ್ರದ ಚಿನ್ನದ ರೇಕು ಕೋಣೆಯೊಳಗಿನ ಟ್ಯೂಬ್‌ಲೈಟಿಗಿಂತ ಜನವರಿಯ ಬಿಸಿಲಿಗೇ ಚೆನ್ನ. ಕೆಂಪು ನೆಲದ ಮೇಲೆ ಬಿಳಿ ಗೆರೆಯ ಮಲೆನಾಡಿನ ಚಿತ್ತಾರ ಇಪ್ಪತ್ತು ಹೆಜ್ಜೆ ದೂರದಿಂದಲೇ ಕರೆಯುತ್ತದೆ. ಎಲ್ಲರಿಗಿಂತ ದೊಡ್ಡ ಗುಂಪು ಮಾತ್ರ ಎದುರಿಗೆ ಕೂರಿಸಿಕೊಂಡು ಮುಖ ಬರೆದುಕೊಡುವವನ ಸುತ್ತ. ಅಲ್ಲಿ ಜನ ನೋಡುವುದು ಚಿತ್ರವನ್ನಲ್ಲ, ಕೈಯನ್ನು.

ಬಿಸಿಲಿನ ವಿಷಯ ಎತ್ತಿದೆನಲ್ಲ, ಅದನ್ನು ಪೂರ್ತಿ ಹೇಳಿಬಿಡುತ್ತೇನೆ, ಸುಂಕ ಕಟ್ಟಿ ಕಲಿತದ್ದು. ನಾನು ಮಳಿಗೆ ಹಾಕಿದ್ದು ಒಂದೇ ಸಲ. ಹದಿನಾಲ್ಕು ಜಲವರ್ಣ ಒಯ್ದಿದ್ದೆ, ಎಲ್ಲಕ್ಕೂ ಗಾಜಿನ ಕಟ್ಟು. ಬೆಳಿಗ್ಗೆ ನೆರಳಿದ್ದ ಜಾಗಕ್ಕೆ ಹನ್ನೊಂದರ ಹೊತ್ತಿಗೆ ಕೊಂಬೆಗಳ ನಡುವಿನಿಂದ ಬಿಸಿಲು ಇಳಿಯಿತು. ಮೊದಲು ಗಾಜಿನಲ್ಲಿ ಚಿತ್ರ ಕಾಣದಾಯಿತು. ನೋಡಲು ಬಗ್ಗಿದವರಿಗೆ ಅವರದೇ ಮುಖ, ಹಿಂದೆ ಆಕಾಶ, ಮೇಲೆ ತೂಗುವ ಬ್ಯಾನರು. ಹೆಂಗಸೊಬ್ಬರು ಅದರಲ್ಲೇ ಕುಂಕುಮ ಸರಿಮಾಡಿಕೊಂಡು ಹೋದರು. ಹನ್ನೆರಡೂವರೆಗೆ ಗಾಜಿನ ಒಳಮೈಯಲ್ಲಿ ಹಬೆ ಕಟ್ಟಿತು. ಕಾಗದ ಹೀರಿಕೊಂಡಿದ್ದ ತೇವ ಶಾಖಕ್ಕೆ ಹೊರಬಂದು ದಾರಿಯಿಲ್ಲದೆ ಅಲ್ಲೇ ಕೂತಿತ್ತು. ಎರಡು ಗಂಟೆಗೆ ನಾಲ್ಕು ಚಿತ್ರಗಳ ಕಾಗದ ಹಪ್ಪಳದ ಹಾಗೆ ಉಬ್ಬಿತು. ತಪ್ಪು ಬಿಸಿಲಿನದಲ್ಲ. ಹಿಂದಿನ ವಾರ ಅದೇ ರಸ್ತೆಗೆ ಹೋಗಿ, ನೆರಳು ಯಾವ ಹೊತ್ತಿಗೆ ಯಾವ ಕಡೆ ಸರಿಯುತ್ತದೆ ಎಂದು ನೋಡಿಕೊಂಡಿದ್ದರೆ ಒಂದು ಕೊಡೆಯನ್ನಾದರೂ ಒಯ್ಯುತ್ತಿದ್ದೆ. ಹಾಗೆಂದು ಗಾಜು ತೆಗೆದು ಹಾಕುವ ಹಾಗೂ ಇಲ್ಲ. ಜನ ಮುಟ್ಟುತ್ತಾರೆ. ಮುಟ್ಟಬೇಡಿ ಎಂದು ಬರೆದು ಹಾಕಿದರೆ ಆ ಬರಹವನ್ನು ಮುಟ್ಟಿ ಓದುತ್ತಾರೆ. ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬರೆಯುವವರಿಗೆ ಈ ಪಾಡಿಲ್ಲ, ಒಣಗಿದ ಮೇಲೆ ಅದು ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಜಗ್ಗದು. ಎಣ್ಣೆಬಣ್ಣದವರು ಮಾತ್ರ ಡಿಸೆಂಬರಿನಲ್ಲಿ ದಪ್ಪಗೆ ಬಳಿದದ್ದನ್ನು ಜನವರಿಗೆ ತರಬಾರದು. ಮೇಲೆ ಒಣಗಿದಂತೆ ಕಂಡರೂ ಒಳಗೆ ಇನ್ನೂ ಹಸಿ. ಸಂತೆ ಹೊತ್ತಿಗೆ ಮೂರು ಮೊಳ ನೇಯುವವರನ್ನು ಕುರಿತ ಗಾದೆ ನೇಕಾರರಿಗಿಂತ ನಮಗೇ ಹೆಚ್ಚು ಒಪ್ಪುತ್ತದೆ.

ಆ ದಿನ ಮಾರಾಟವಾದದ್ದು ಮೂರು. ಬೋಣಿ ಆದದ್ದೇ ಮಧ್ಯಾಹ್ನ, ಅದೂ ಚೌಕಾಸಿಯ ಮೇಲೆ. ಚೌಕಾಸಿಗೆ ಮುಖ ಗಂಟಿಕ್ಕುವವರು ಈ ಕಡೆ ಬರಲೇಬಾರದು ಎಂದು ನನ್ನ ಖಚಿತ ಅಭಿಪ್ರಾಯ. ಹೆಸರಲ್ಲೇ ಸಂತೆ ಇದೆ. ಬದನೆಕಾಯಿಗೆ ಕೊಸರು ಕೇಳಿ ಅಭ್ಯಾಸವಾದ ಬಾಯಿ ಚಿತ್ರಕ್ಕೂ ಕೇಳುತ್ತದೆ, ಅದರಲ್ಲಿ ಅವಮಾನವೇನಿಲ್ಲ. ನನ್ನ ಪಕ್ಕದ ಮಳಿಗೆಯ ಹಿರಿಯರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಬೆಲೆ ಒಂದು ರೂಪಾಯಿ ಇಳಿಸುತ್ತಿರಲಿಲ್ಲ, ಆದರೆ ಕೊಂಡವರಿಗೆ ಅಂಗೈಯಗಲದ ಪೆನ್ಸಿಲ್ ಚಿತ್ರವೊಂದನ್ನು ಕೊಸರು ಕೊಡುತ್ತಿದ್ದರು. ಗಿರಾಕಿ ಗೆದ್ದೆನೆಂದುಕೊಂಡು ಹೋಗುತ್ತಿದ್ದ. ನಾನು ಮಾತ್ರ ಗಾಬರಿಯಲ್ಲಿ ಅರ್ಧಕ್ಕೆ ಇಳಿದೆ. ಅರ್ಧ ಗಂಟೆ ಮೊದಲು ಅದೇ ಅಳತೆಯ ಚಿತ್ರಕ್ಕೆ ಪೂರ್ತಿ ಬೆಲೆ ಹೇಳಿಸಿಕೊಂಡು ಹೋಗಿದ್ದ ಗಂಡ ಹೆಂಡತಿ ಅದೇ ಹೊತ್ತಿಗೆ ತಿರುಗಿ ಬಂದು ನಿಂತಿದ್ದರು. ಅವರು ಏನೂ ಅನ್ನಲಿಲ್ಲ. ಕೊಳ್ಳಲೂ ಇಲ್ಲ.

ಖರ್ಚಿನ ಲೆಕ್ಕ ಬೇಗ ಮುಗಿಸುತ್ತೇನೆ, ಅದು ಎಲ್ಲರಿಗೂ ಬರುತ್ತದೆ: ಮಳಿಗೆಯ ಶುಲ್ಕ, ಕಟ್ಟು, ಹೋಗಿಬರುವ ಬಸ್ಸು, ಎರಡು ರಾತ್ರಿ ತಂಗುವ ಜಾಗ, ಚಿತ್ರ ಸಾಗಿಸುವ ಆಟೊ. ಜನ ಮರೆಯುವ ಬಾಬ್ತು ಒಂದೇ, ಜೊತೆಗೊಬ್ಬರು ಬೇಕು. ಒಬ್ಬರೇ ಕೂತರೆ ಊಟಕ್ಕೆ, ಶೌಚಕ್ಕೆ ಏಳುವ ಹಾಗಿಲ್ಲ. ಇದನ್ನೆಲ್ಲ ಕೂಡಿಸಿ, ಚಿತ್ರಗಳು ಸರಾಸರಿ ಯಾವ ಬೆಲೆಯವೋ ಅದರಿಂದ ಭಾಗಿಸಿದರೆ ಎಷ್ಟು ಮಾರಿದರೆ ಮೈಮೇಲೆ ಬರುವುದಿಲ್ಲ ಎಂದು ತಿಳಿಯುತ್ತದೆ. ಉತ್ತರ ಮೂರು ನಾಲ್ಕು ಬಂದರೆ ಧೈರ್ಯ ಮಾಡಬಹುದು. ಹತ್ತು ಬಂದರೆ, ಆ ವರ್ಷ ಬರಿಗೈಯಲ್ಲಿ ಹೋಗಿ ದಿನವಿಡೀ ಒಂದೇ ಜಾಗದಲ್ಲಿ ನಿಂತು ನೋಡಿ ಬರುವುದು ಲಾಭ. ಎಲ್ಲಿ ಕಾಲು ನಿಲ್ಲುತ್ತದೆ, ಎಲ್ಲಿ ಕೈ ಜೇಬಿಗೆ ಹೋಗುತ್ತದೆ, ಎರಡಕ್ಕೂ ನಡುವೆ ಏನು ನಡೆಯುತ್ತದೆ ಎಂದು ಗಮನಿಸಿ. ಸಂಜೆ ನಾಲ್ಕರ ನಂತರ ಬರುವವರ ಮೇಲೆ ಹೆಚ್ಚು ಕಣ್ಣಿಡಿ. ಬೆಳಿಗ್ಗೆ ಒಮ್ಮೆ ನೋಡಿ, ಮನೆಗೆ ಹೋಗಿ ಗೋಡೆ ಅಳೆದು ಬಂದವರು ಅವರಲ್ಲಿರುತ್ತಾರೆ.

ಹುಬ್ಬಳ್ಳಿಯ ಶಿಕ್ಷಕಿಗೆ ಕೊನೆಗೆ ಹೇಳಿದ್ದು ಇಷ್ಟು. ದುರ್ಗದ ಬೈಲಿನಂಥವು ಇನ್ನೊಂದಿಪ್ಪತ್ತು ಇದ್ದರೆ ಅರ್ಜಿ ಹಾಕಿ. ಬೆಂಗಳೂರಿನಲ್ಲಿ ಹುಬ್ಬಳ್ಳಿ ಕಡೆಯವರು ಸಾಕಷ್ಟಿದ್ದಾರೆ, ಮಿರ್ಚಿ ಬಾಣಲೆ ಕಂಡರೆ ಹತ್ತು ಸೆಕೆಂಡಿನ ನಿಯಮ ಮರೆತು ನಿಲ್ಲುತ್ತಾರೆ. ಮಂಜಿನ ಹೊಲಗಳನ್ನು ಮಾತ್ರ ತರಬೇಡಿ. ಅವಕ್ಕೆ ಒಂದು ಗೋಡೆ, ಒಂದು ಕುರ್ಚಿ ಇರುವ ಜಾಗ ಸಿಗುವವರೆಗೆ ಮನೆಯಲ್ಲೇ ಇರಲಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗ ಜೀವ ಇರೂದು ಆ ಮಂಜಿನ ಮ್ಯಾಲ ಸರ’ ಎಂದರು. ಅದಕ್ಕೇ ತರಬೇಡಿ ಅಂದದ್ದು ಎಂದೆ.

ನನ್ನ ಸಂತೆಯ ದಿನ ರಾತ್ರಿ ಗಂಟು ಕಟ್ಟುವಾಗ ಪಕ್ಕದ ಹಿರಿಯರು ಬಂದು, ಉಬ್ಬಿದ ನಾಲ್ಕರಲ್ಲಿ ಒಂದನ್ನು ಎತ್ತಿಕೊಂಡು ದೀಪದ ಕೆಳಗೆ ಹಿಡಿದರು. ‘ಇದನ್ನ ನನಗೆ ಕೊಡಿ, ತೂಕದ ಕೆಳಗಿಟ್ಟರೆ ಕಾಗದ ಸರಿಹೋಗುತ್ತೆ’ ಎಂದರು. ಬದಲಿಗೆ ತಮ್ಮ ಪೆನ್ಸಿಲ್ ಚಿತ್ರಗಳ ಕಂತೆಯಿಂದ ಒಂದನ್ನು ಎಳೆದು ಕೊಟ್ಟರು. ಮಧ್ಯಾಹ್ನ ಮೂರರ ಬಿಸಿಲಲ್ಲಿ, ಹದಿನಾಲ್ಕು ಗಾಜುಗಳ ನಡುವೆ, ಬಾಯಿ ತೆರೆದು ತೂಕಡಿಸುತ್ತಿದ್ದ ನಾನು.