ತೂತುಕುಡಿಯ ಬೀಗ: ಅಡ್ಡಿಯಾದದ್ದು ಕಾನೂನೇ?

ಮುಚ್ಚಿದ ಕಾರ್ಖಾನೆಯೊಂದನ್ನು ಮತ್ತೆ ತೆರೆಯಬೇಕೆಂಬ ಮಾತು ಎದ್ದಾಗಲೆಲ್ಲ ನಮ್ಮಲ್ಲಿ ಒಂದು ಹಳೆಯ ದೂರು ಕೇಳಿ ಬರುತ್ತದೆ. ಉದ್ಯಮಿ ಬಂಡವಾಳ ಹಾಕಲು ಸಿದ್ಧ, ಕಾರ್ಮಿಕ ದುಡಿಯಲು ಸಿದ್ಧ, ದೇಶಕ್ಕೆ ಸರಕಿನ ಅಗತ್ಯವಿದೆ, ಆದರೆ ಕಾನೂನು ಬಿಡುತ್ತಿಲ್ಲ ಎಂಬುದೇ ಆ ದೂರು. ಮಾಲಿನ್ಯ ನಿಯಂತ್ರಣ ಮಂಡಳಿ, ಪರಿಸರ ಸಚಿವಾಲಯ, ಹಸಿರು ನ್ಯಾಯಮಂಡಳಿ, ಹೈಕೋರ್ಟು, ಸುಪ್ರೀಂ ಕೋರ್ಟು ಹೀಗೆ ಒಂದರ ಹಿಂದೆ ಒಂದು ಗೇಟು. ಈ ಗೇಟುಗಳೇ ಅಭಿವೃದ್ಧಿಯ ಶತ್ರುಗಳು ಎಂದು ಬರೆಯುವವರಿಗೆ ಬರವಿಲ್ಲ. ಅದನ್ನು ನಂಬುವ ಓದುಗರಿಗೂ ಬರವಿಲ್ಲ.

ಈ ದೂರು ಎಷ್ಟು ನಿಜ ಎಂದು ಪರೀಕ್ಷಿಸಲು ತಮಿಳುನಾಡಿನ ತೂತುಕುಡಿಗಿಂತ ಉತ್ತಮ ಉದಾಹರಣೆ ಸಿಗಲಾರದು. ವೇದಾಂತ ಸಮೂಹಕ್ಕೆ ಸೇರಿದ ಸ್ಟೆರ್ಲೈಟ್ ತಾಮ್ರ ಸ್ಥಾವರಕ್ಕೆ ಅಲ್ಲಿ 2018ರಲ್ಲಿ ಬೀಗ ಬಿತ್ತು. ವರ್ಷಕ್ಕೆ 4 ಲಕ್ಷ ಟನ್ ತಾಮ್ರ ತಯಾರಿಸಬಲ್ಲ, ದೇಶದ ಒಟ್ಟು ಉತ್ಪಾದನೆಯಲ್ಲಿ ಮೂರನೇ ಒಂದು ಪಾಲಿಗಿಂತಲೂ ಹೆಚ್ಚಿನ ಪಾಲು ಹೊಂದಿದ್ದ ಕಾರ್ಖಾನೆ ಅದು. ಅದು ನಿಂತ ಮರುವರ್ಷವೇ ಶುದ್ಧ ತಾಮ್ರವನ್ನು ರಫ್ತು ಮಾಡುತ್ತಿದ್ದ ಭಾರತ ಆಮದು ಮಾಡಿಕೊಳ್ಳುವ ದೇಶವಾಯಿತು. ಆ ಬೀಗ ತೆಗೆಸಲು ಕಂಪೆನಿ ಸುಮಾರು ಆರು ವರ್ಷ ನ್ಯಾಯಾಲಯಗಳ ಮೆಟ್ಟಿಲೇರಿತು. ಕೊನೆಗೆ 2024ರ ಫೆಬ್ರವರಿ 29ರಂದು ಸುಪ್ರೀಂ ಕೋರ್ಟ್ ಅದರ ಮೇಲ್ಮನವಿಯನ್ನು ತಳ್ಳಿಹಾಕಿತು. ಮರುಪರಿಶೀಲನಾ ಅರ್ಜಿಗೂ ಅದೇ ವರ್ಷ ಅದೇ ಗತಿಯಾಯಿತು. ಮೇಲ್ನೋಟಕ್ಕೆ ಇದು ಕಾನೂನು ಒಂದು ಉದ್ಯಮವನ್ನು ಕಟ್ಟಿಹಾಕಿದ ಕಥೆ. ಆದರೆ ಕಥೆಯನ್ನು ಮೊದಲಿನಿಂದ ಓದಿದರೆ ಬೇರೆಯೇ ಅರ್ಥ ಹೊರಡುತ್ತದೆ.

ಈ ಕಾರ್ಖಾನೆ ಮೊದಲು ತಲೆಯೆತ್ತಬೇಕಿದ್ದುದು ಮಹಾರಾಷ್ಟ್ರದ ರತ್ನಾಗಿರಿಯಲ್ಲಿ. 1993ರಲ್ಲಿ ಅಲ್ಲಿನ ಮಾವು ಬೆಳೆಗಾರರು ಮತ್ತು ರೈತರು ಬೀದಿಗಿಳಿದ ಬಳಿಕ ಕೆಲಸ ನಿಂತಿತು. ಮರುವರ್ಷ ತೂತುಕುಡಿಯಲ್ಲಿ ಅಂದಿನ ಮುಖ್ಯಮಂತ್ರಿ ಜಯಲಲಿತಾ ಅಡಿಗಲ್ಲು ಹಾಕಿದರು. 1995ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಹಸಿರು ನಿಶಾನೆ ತೋರಿತು. ಸಾರ್ವಜನಿಕ ಅಹವಾಲು ಸಭೆ ನಡೆಯಲಿಲ್ಲ. ಅದನ್ನು ಕಡ್ಡಾಯಗೊಳಿಸಿದ ನಿಯಮ ಬಂದದ್ದು 1997ರಲ್ಲಿ. ಹಾಗಾಗಿ ಕಾನೂನಿನ ಅಕ್ಷರದಂತೆ ಯಾರೂ ತಪ್ಪು ಮಾಡಿರಲಿಲ್ಲ. ಆದರೆ ಮೀನುಗಾರರು, ಉಪ್ಪಿನಗದ್ದೆಯ ಕೂಲಿಗಳು, ಮಳೆಯಾಶ್ರಿತ ರೈತರು ವಾಸಿಸುವ ಒಂದು ಪ್ರದೇಶಕ್ಕೆ ಬೃಹತ್ ತಾಮ್ರ ಸ್ಥಾವರ ಬರುವಾಗ ಅವರನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಅನಿಸಲಿಲ್ಲ ಎಂಬುದು ಅಕ್ಷರಕ್ಕಿಂತ ದೊಡ್ಡ ಸತ್ಯ.

ಇದ್ದ ಷರತ್ತುಗಳ ಗತಿಯನ್ನಾದರೂ ನೋಡೋಣ. ಸ್ಥಾವರವು ಮನ್ನಾರ್ ಕೊಲ್ಲಿಯ ಸೂಕ್ಷ್ಮ ಪರಿಸರ ಪ್ರದೇಶದಿಂದ 25 ಕಿ.ಮೀ. ದೂರದಲ್ಲಿರಬೇಕೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತ್ತು. ನಿಂತದ್ದು ಸುಮಾರು 14 ಕಿ.ಮೀ. ದೂರದಲ್ಲಿ. ಸುತ್ತ 250 ಮೀಟರ್ ಅಗಲದ ಹಸಿರು ಪಟ್ಟಿ ಬೆಳೆಸಬೇಕೆಂದು ಅದೇ ಮಂಡಳಿ ಹೇಳಿತ್ತು. ಕಂಪೆನಿ ಕೇಳಿಕೊಂಡಿತು, 250 ಮೀಟರ್ 25 ಮೀಟರಿಗೆ ಇಳಿಯಿತು. ಒಂದು ಸೊನ್ನೆ ಅಳಿಸುವುದು ಕಚೇರಿಯಲ್ಲಿ ಕುಳಿತವರಿಗೆ ದೊಡ್ಡ ಕೆಲಸವಲ್ಲ. ಆ ಸೊನ್ನೆಯ ಬೆಲೆ ತೆತ್ತವರು ಗಾಳಿ ಬೀಸುವ ದಿಕ್ಕಿನಲ್ಲಿ ಮನೆ ಕಟ್ಟಿಕೊಂಡಿದ್ದವರು.

ಆಮೇಲಿನದ್ದು ತೆರೆಯುವ ಮತ್ತು ಮುಚ್ಚುವ ಆಟದ ಎರಡು ದಶಕ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ವರದಿ ನೋಡಿ ಮದ್ರಾಸ್ ಹೈಕೋರ್ಟ್ 1998ರ ನವೆಂಬರಿನಲ್ಲಿ ಮುಚ್ಚಲು ಹೇಳಿತು. ಸ್ವಲ್ಪ ಕಾಲದಲ್ಲೇ ಮತ್ತೆ ತೆರೆಯಿತು. 2010ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಮತ್ತೊಮ್ಮೆ ಮುಚ್ಚಲು ಆದೇಶಿಸಿತು. ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂತು. 2013ರ ಮಾರ್ಚಿನಲ್ಲಿ ಅನಿಲ ಸೋರಿಕೆಯ ದೂರುಗಳ ಮೇಲೆ ಮಂಡಳಿ ಬಾಗಿಲು ಹಾಕಿಸಿತು. ಮೇ ಕೊನೆಗೆ ಹಸಿರು ನ್ಯಾಯಮಂಡಳಿ ತೆರೆಸಿತು. ಅಂದರೆ ಮರುಪ್ರಾರಂಭ ಈ ಕಾರ್ಖಾನೆಗೆ ಎಂದೂ ಅಸಾಧ್ಯವಾಗಿರಲಿಲ್ಲ. 2018ರ ವರೆಗೆ ಪ್ರತಿ ಬಾರಿಯೂ ಕಾನೂನು ಬಾಗಿಲು ತೆರೆದು ಕೊಟ್ಟಿದೆ.

ಇವುಗಳ ನಡುವೆ 2013ರ ಏಪ್ರಿಲ್ 2ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪನ್ನು ನಾವು ವಿಶೇಷವಾಗಿ ಗಮನಿಸಬೇಕು. ಕಾರ್ಖಾನೆ ಮಾಲಿನ್ಯ ಉಂಟುಮಾಡಿದೆ, ಮಂಡಳಿಯ ಸಮ್ಮತಿ ಪತ್ರ ನವೀಕರಿಸದೆ ದೀರ್ಘ ಕಾಲ ನಡೆದಿದೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೂ ದೇಶಕ್ಕೆ ತಾಮ್ರ ಬೇಕು, ನೇರವಾಗಿ ದುಡಿಯುವ ಸುಮಾರು 1,300 ಮಂದಿ ಇದ್ದಾರೆ, ಪರೋಕ್ಷವಾಗಿ ಅವಲಂಬಿಸಿದವರು ಇನ್ನೂ ಎಷ್ಟೋ ಎಂದು ಪರಿಗಣಿಸಿ ನಡೆಸಲು ಬಿಟ್ಟಿತು. 100 ಕೋಟಿ ರೂಪಾಯಿ ಪರಿಹಾರವನ್ನು ಜಿಲ್ಲಾಧಿಕಾರಿಯ ಬಳಿ ಠೇವಣಿಯಿಟ್ಟು, ಅದರ ಬಡ್ಡಿಯಿಂದ ಅಲ್ಲಿನ ಪರಿಸರ ಸುಧಾರಿಸಬೇಕೆಂದಿತು. ಕರುಣೆಯ ತೀರ್ಪಿನಂತೆ ಕಾಣುವ ಇದರಲ್ಲಿ ಒಂದು ಅಪಾಯಕಾರಿ ಪಾಠ ಅಡಗಿತ್ತು. ತಪ್ಪಿಗೆ ಒಂದು ಬೆಲೆಯಿದೆ, ಅದನ್ನು ಕಟ್ಟಿದರೆ ವ್ಯವಹಾರ ಮುಂದುವರಿಸಬಹುದು ಎಂಬುದೇ ಆ ಪಾಠ. ದಂಡವು ಖರ್ಚಿನ ಪಟ್ಟಿಗೆ ಸೇರಿದ ದಿನ ಅದು ದಂಡವಾಗಿ ಉಳಿಯುವುದಿಲ್ಲ.

ಐದು ವರ್ಷಗಳ ಬಳಿಕ 2018ರ ಏಪ್ರಿಲ್ 9ರಂದು ಮಂಡಳಿ ಸಮ್ಮತಿ ನವೀಕರಿಸಲು ನಿರಾಕರಿಸಿತು. ಕಾರಣಗಳು ಐದು: ಸುತ್ತಲಿನ ಬಾವಿಗಳ ನೀರಿನ ಪರೀಕ್ಷಾ ವರದಿ ಕೊಟ್ಟಿಲ್ಲ, ಉಪ್ಪಾರ್ ನದಿಯ ಬದಿಯಲ್ಲಿ, ಖಾಸಗಿ ಜಮೀನಿನಲ್ಲಿ ಸುರಿದ ತಾಮ್ರದ ಕಿಟ್ಟ ತೆಗೆದಿಲ್ಲ, ಅಪಾಯಕಾರಿ ತ್ಯಾಜ್ಯ ನಿರ್ವಹಣೆಯ ಪರವಾನಗಿಯ ಅವಧಿ ಮುಗಿದಿದೆ, ಗಾಳಿಯಲ್ಲಿ ಆರ್ಸೆನಿಕ್ ಪ್ರಮಾಣ ಅಳೆಯಿಸಿಲ್ಲ, ಜಿಪ್ಸಂ ತ್ಯಾಜ್ಯದ ಕೊಳವನ್ನು ನಿಯಮದಂತೆ ಕಟ್ಟಿಲ್ಲ. ಇದನ್ನು ಒಮ್ಮೆ ನಿಧಾನವಾಗಿ ಓದಬೇಕು. ಇದರಲ್ಲಿ ಆಕಾಶದಿಂದ ನಕ್ಷತ್ರ ತರಲು ಹೇಳಿದ್ದು ಎಲ್ಲಿದೆ? ನೀರು ಪರೀಕ್ಷಿಸಿ, ಸುರಿದ ಕಸ ಎತ್ತಿ, ಗಾಳಿ ಅಳೆಯಿರಿ ಎಂದು ಹೇಳಿದ್ದು ಅಡ್ಡಿಯಾಗುವುದಾದರೆ, ಹೋಟೆಲಿನವನಿಗೆ ಪಾತ್ರೆ ತೊಳೆಯಲು ಹೇಳುವುದೂ ವ್ಯಾಪಾರಕ್ಕೆ ಅಡ್ಡಿಯೇ. ಇವು ಸಣ್ಣಪುಟ್ಟ, ಸರಿಪಡಿಸಬಹುದಾದ ಲೋಪಗಳು ಎಂಬುದು ಕಂಪೆನಿಯ ವಾದವಾಗಿತ್ತು. ಸರಿಪಡಿಸಬಹುದಾಗಿದ್ದರೆ ಅಷ್ಟು ವರ್ಷ ಸರಿಪಡಿಸದೆ ಉಳಿದದ್ದೇಕೆ ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿಲ್ಲ.

ಇಷ್ಟೆಂದ ಮಾತ್ರಕ್ಕೆ ಸರಕಾರದ ಕೈ ಶುದ್ಧವೆಂದು ನಾವು ಹೇಳುತ್ತಿಲ್ಲ. ಆ ವರ್ಷ ಫೆಬ್ರವರಿಯಲ್ಲಿ ಕುಮಾರೆಡ್ಡಿಯಾಪುರಂ ಗ್ರಾಮದಲ್ಲಿ ಆರಂಭವಾದ ಧರಣಿಯ ನೂರನೇ ದಿನ, ಮೇ 22ರಂದು, ಜಿಲ್ಲಾಧಿಕಾರಿ ಕಚೇರಿಯತ್ತ ನಡೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಒಟ್ಟು 13 ಮಂದಿ ಪ್ರಾಣ ಕಳೆದುಕೊಂಡರು. ವಿಪರ್ಯಾಸವೆಂದರೆ ಅಂದು ಕಾರ್ಖಾನೆ ನಡೆಯುತ್ತಲೇ ಇರಲಿಲ್ಲ; ಮಾರ್ಚ್ ಕೊನೆಯಲ್ಲೇ ನಿರ್ವಹಣೆಗೆಂದು ನಿಂತಿತ್ತು, ಸಮ್ಮತಿ ಪತ್ರವೂ ಇರಲಿಲ್ಲ. ಮರುದಿನ ಮಂಡಳಿ ಮುಚ್ಚುವ ಆದೇಶ ಹೊರಡಿಸಿ ವಿದ್ಯುತ್ ಕಡಿಸಿತು. ಮೇ 28ರಂದು ಶಾಶ್ವತವಾಗಿ ಮುಚ್ಚುವ ಸರಕಾರಿ ಆದೇಶ ಬಂತು. ನೂರು ದಿನ ಕೇಳಿದಾಗ ಕಿವಿಗೆ ಬೀಳದ ಕಾನೂನು, ಹೆಣಗಳು ಬಿದ್ದ ಒಂದು ವಾರದಲ್ಲಿ ನೆನಪಾಯಿತು. ನಿವೃತ್ತ ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗದ ವರದಿ 2022ರ ಅಕ್ಟೋಬರಿನಲ್ಲಿ ವಿಧಾನಸಭೆಯ ಮುಂದೆ ಬಂತು. ಪೊಲೀಸ್ ಅಧಿಕಾರಿಗಳ ಮೇಲೆ, ಅಂದಿನ ಜಿಲ್ಲಾಧಿಕಾರಿಯ ಮೇಲೆ ಕ್ರಮ ಕೈಗೊಳ್ಳಲು ಅದು ಶಿಫಾರಸು ಮಾಡಿತು.

ಅವಸರದ ಆದೇಶಕ್ಕೆ ಅದರದ್ದೇ ಆದ ದೌರ್ಬಲ್ಯ ಇರುತ್ತದೆ. ತಮ್ಮ ಮಾತು ಕೇಳದೆ ಬಾಗಿಲು ಹಾಕಲಾಗಿದೆ ಎಂಬ ಕಂಪೆನಿಯ ದೂರಿಗೆ ಇಲ್ಲಿಂದ ಬಲ ಬಂತು. 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಮುಚ್ಚುವ ಆದೇಶವನ್ನು ರದ್ದು ಮಾಡಿತು. ಆದರೆ ಈ ವ್ಯಾಜ್ಯ ಕೇಳುವ ಅಧಿಕಾರವೇ ಮಂಡಳಿಗಿಲ್ಲ ಎಂದು 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಕಂಪೆನಿಯನ್ನು ಹೈಕೋರ್ಟಿಗೆ ಹೋಗಲು ಬಿಟ್ಟಿತು. 2020ರ ಆಗಸ್ಟ್ 18ರಂದು ಮದ್ರಾಸ್ ಹೈಕೋರ್ಟ್ 800ಕ್ಕೂ ಹೆಚ್ಚು ಪುಟಗಳ ತೀರ್ಪಿನಲ್ಲಿ ಕಂಪೆನಿಯ ಅರ್ಜಿಗಳನ್ನು ವಜಾ ಮಾಡಿತು. ಕೊರೊನಾದ ಎರಡನೇ ಅಲೆಯಲ್ಲಿ ಉಸಿರಿಗಾಗಿ ದೇಶ ಪರದಾಡುತ್ತಿದ್ದಾಗ, 2021ರ ಏಪ್ರಿಲಿನಲ್ಲಿ, ಅಲ್ಲಿನ ಆಮ್ಲಜನಕ ಘಟಕವನ್ನಷ್ಟೇ ಜುಲೈ 31ರ ವರೆಗೆ ನಡೆಸಲು ಸುಪ್ರೀಂ ಕೋರ್ಟ್ ಅನುಮತಿ ನೀಡಿತು. ಕಾನೂನು ಕುರುಡಲ್ಲ, ಅಗತ್ಯ ಬಿದ್ದಾಗ ಎಷ್ಟು ಬೇಕೋ ಅಷ್ಟೇ ಬಾಗಿಲು ತೆರೆಯಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

2024ರ ತೀರ್ಪು ಈ ಎಲ್ಲದರ ಕೊನೆಯ ಕೊಂಡಿ. ಕಾರ್ಖಾನೆ ಮುಚ್ಚುವುದು ಮೊದಲ ಆಯ್ಕೆಯಾಗಬಾರದು, ಆದರೆ ಉಲ್ಲಂಘನೆಗಳು ಮತ್ತೆ ಮತ್ತೆ ನಡೆದಿವೆ, ಅವು ಗಂಭೀರವಾಗಿವೆ ಎಂಬ ನೆಲೆಯಲ್ಲಿ ನ್ಯಾಯಾಲಯ ನಿಂತಿತು. 2013ರಲ್ಲಿ ಬಿಟ್ಟುಕೊಟ್ಟದ್ದನ್ನು 2024ರಲ್ಲಿ ಹಿಂದೆ ತೆಗೆದುಕೊಂಡಿತು. ನಾವು ಈ ತೀರ್ಪನ್ನು ಗೌರವಿಸುತ್ತೇವೆ. ಆದರೆ ಆರಂಭದಲ್ಲೇ ಹಾಕಬೇಕಾಗಿದ್ದ ಪ್ರಶ್ನೆಯನ್ನು ಕಾಲು ಶತಮಾನದ ನಂತರ ಹಾಕುವ ವ್ಯವಸ್ಥೆಯನ್ನು ಹೇಗೆ ಗೌರವಿಸುವುದು? ಮೊದಲ ದಿನ ಜನರನ್ನು ಕೇಳಿದ್ದರೆ, 250 ಮೀಟರ್ 250 ಆಗಿಯೇ ಉಳಿದಿದ್ದರೆ, ಕಾರ್ಖಾನೆ ಬಹುಶಃ ಬೇರೆ ಜಾಗದಲ್ಲಿ ಇಂದಿಗೂ ನಡೆಯುತ್ತಿತ್ತು. ಆ 13 ಮಂದಿ ಬದುಕಿರುತ್ತಿದ್ದರು. ಪ್ರಾರಂಭದಲ್ಲಿ ಹಾರಿ ಬಂದ ಬೇಲಿಯೇ ಮರುಪ್ರಾರಂಭದ ಹೊತ್ತಿಗೆ ಗೋಡೆಯಾಗಿ ನಿಂತಿತು. ಆ ಗೋಡೆಯನ್ನು ಕಟ್ಟಿದವರು ಕಾನೂನನ್ನು ಮೊದಲು ಸಡಿಲಿಸಿದವರು.

ಆದರೆ ಸಡಿಲಿಸುವ ಚಾಳಿ ನಿಂತಿಲ್ಲ. 2023ರ ಜನ ವಿಶ್ವಾಸ ಕಾಯ್ದೆಯು ಪರಿಸರ ಸಂರಕ್ಷಣಾ ಕಾಯ್ದೆಯ ಮತ್ತು ವಾಯು ಕಾಯ್ದೆಯ ಹಲವು ಉಲ್ಲಂಘನೆಗಳಿಗಿದ್ದ ಜೈಲು ಶಿಕ್ಷೆಯನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಇಳಿಸಿತು. ಮೊದಲು ಕಟ್ಟಿ ಆಮೇಲೆ ಅನುಮತಿ ಪಡೆಯುವ ಪದ್ಧತಿಯನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿತ್ತು. ನವೆಂಬರಿನಲ್ಲಿ ಬಹುಮತದಿಂದ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಉದ್ಯಮಕ್ಕೆ ಇದು ಅನುಕೂಲವೆಂದು ಭಾವಿಸುವವರು ತೂತುಕುಡಿಯನ್ನು ನೆನಪಿಸಿಕೊಳ್ಳಲಿ. ಆರಂಭದ ದಿನಗಳ ಆ ಅನುಕೂಲವೇ ಆ ಕಾರ್ಖಾನೆಯನ್ನು ಕೊನೆಗೆ ಮುಳುಗಿಸಿತು.

ಜನರು ಕಾರ್ಖಾನೆಗಳ ವಿರೋಧಿಗಳು ಎಂಬ ಮಾತೂ ಸುಳ್ಳು. ನಮ್ಮ ಭದ್ರಾವತಿಯನ್ನೇ ನೋಡಿ. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಊರಿಗೆ ಊರೇ ಅದನ್ನು ಉಳಿಸಲು ನಿಂತಿತು. ಆಗಸ್ಟಿನಲ್ಲಿ ಭಾಗಶಃ ಉತ್ಪಾದನೆ ಮತ್ತೆ ಶುರುವಾಯಿತು. ಒಂದು ಊರು ತೆರೆಯಿರಿ ಎನ್ನುತ್ತದೆ, ಇನ್ನೊಂದು ಊರು ಮುಚ್ಚಿ ಎನ್ನುತ್ತದೆ. ಎರಡೂ ಕಡೆ ಜನ ಕೇಳುತ್ತಿರುವುದು ಒಂದೇ: ನಮ್ಮ ಬದುಕಿನ ನಿರ್ಧಾರವನ್ನು ನಮ್ಮನ್ನು ಕೇಳದೆ ತೆಗೆದುಕೊಳ್ಳಬೇಡಿ.

ಈ ಗೆಲುವಿನ ಸಂಭ್ರಮದಲ್ಲಿ ಮರೆತುಹೋಗುವ ಇಬ್ಬರಿದ್ದಾರೆ. ಒಬ್ಬ, ಕೆಲಸ ಕಳೆದುಕೊಂಡ ಕಾರ್ಮಿಕ. ಸಮ್ಮತಿ ಪತ್ರ ನವೀಕರಿಸದಿದ್ದುದು ಅವನ ತಪ್ಪಲ್ಲ; ಕಿಟ್ಟವನ್ನು ಎಲ್ಲಿ ಸುರಿಯಬೇಕೆಂದು ನಿರ್ಧರಿಸಿದವನೂ ಅವನಲ್ಲ. ಗುತ್ತಿಗೆಯ ಮೇಲಿದ್ದವನಿಗೆ, ಲಾರಿ ಓಡಿಸುತ್ತಿದ್ದವನಿಗೆ ಯಾವ ತೀರ್ಪಿನಲ್ಲೂ ಜಾಗವಿಲ್ಲ. ಇನ್ನೊಂದು, ಆ ನೆಲ. ಬೀಗ ಹಾಕಿದ ಮಾತ್ರಕ್ಕೆ ನೆಲ ಶುದ್ಧವಾಗುವುದಿಲ್ಲ. ಆವರಣದಲ್ಲಿ ಉಳಿದ ಜಿಪ್ಸಂ ತೆರವಿಗೆ ಮತ್ತು ತ್ಯಾಜ್ಯಗುಂಡಿಯ ರಕ್ಷಣೆಗೆ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ಅನುಮತಿ ಬೇಕಾಯಿತು. ಭೋಪಾಲದ ಯೂನಿಯನ್ ಕಾರ್ಬೈಡ್ ಆವರಣದಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯ ಹೊರಗೆ ಸಾಗಿದ್ದು 2025ರ ಜನವರಿಯಲ್ಲಿ. ದುರಂತ ನಡೆದದ್ದು 1984ರಲ್ಲಿ. ನಮ್ಮ ಕಾನೂನಿಗೆ ಕಾರ್ಖಾನೆ ತೆರೆಯಲು ಗೊತ್ತು, ಮುಚ್ಚಲೂ ಗೊತ್ತು. ಗುಡಿಸಿ ಒಪ್ಪ ಮಾಡುವುದು, ಕೆಲಸ ಹೋದವನ ಕೈಹಿಡಿಯುವುದು ಅದಕ್ಕೆ ಇನ್ನೂ ಗೊತ್ತಿಲ್ಲ.

ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ಹಾನಿಯ ತಡೆಗೆ ಲಾಭದ ಗಳಿಕೆಗಿಂತ ಆದ್ಯತೆಯಿದೆ. ಭೂಮಿ, ನೀರು, ಗಾಳಿಗಳು ಮನುಷ್ಯನ ಕೈಗೆ ಕೊಟ್ಟ ಅಮಾನತ್ ಎಂಬುದು ಕುರ್‌ಆನ್ ಕಲಿಸುವ ದೃಷ್ಟಿ. ಇಟ್ಟುಕೊಂಡ ವಸ್ತುವನ್ನು ಹಾಳು ಮಾಡಿ, ಅದರ ಬೆಲೆ ಕೊಟ್ಟೆನಲ್ಲ ಎನ್ನುವವನನ್ನು ನಂಬಿಗಸ್ತನೆಂದು ಯಾರೂ ಕರೆಯಲಾರರು. ಕೂಲಿಕಾರನ ಹಕ್ಕಿನ ಬಗ್ಗೆ ಪ್ರವಾದಿ(ಸ)ರು ಎಷ್ಟು ಕಟ್ಟುನಿಟ್ಟಾಗಿದ್ದರೆಂಬುದನ್ನೂ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದು ಮುಸ್ಲಿಮರಿಗಷ್ಟೇ ಸೇರಿದ ಮಾತೂ ಅಲ್ಲ. ಹಳ್ಳಿಯ ಬಾವಿಗೆ ಕಸ ಹಾಕಿದವನನ್ನು ಯಾವ ಧರ್ಮದ ಊರೂ ಸುಮ್ಮನೆ ಬಿಟ್ಟಿದ್ದಿಲ್ಲ.

ಆದುದರಿಂದ ಮುಚ್ಚಿದ ಕಾರ್ಖಾನೆಯನ್ನು ಮತ್ತೆ ತೆರೆಯಬೇಕೆಂಬ ಬೇಡಿಕೆ ಎಲ್ಲಿ ಬಂದರೂ ಮೊದಲು ಮೂರು ಲೆಕ್ಕ ಕೇಳೋಣ. ಸುತ್ತಲಿನ ಬಾವಿಗಳ ನೀರಿನ ಲೆಕ್ಕ, ದುಡಿದವರ ಬಾಕಿಯ ಲೆಕ್ಕ, ಹಳೆಯ ಷರತ್ತುಗಳಲ್ಲಿ ಎಷ್ಟು ಪಾಲಿಸಿದ್ದೀರೆಂಬ ಲೆಕ್ಕ. ಈ ಮೂರು ಸರಿಯಿದ್ದರೆ ಊರಿನವರೇ ಮುಂದೆ ನಿಂತು ಬೀಗ ತೆಗೆದುಕೊಟ್ಟಾರು. ಸರಿಯಿಲ್ಲದಿದ್ದರೆ, ಅಡ್ಡಿ ಕಾನೂನಿನದೆಂದು ದೂರುವುದನ್ನಾದರೂ ನಿಲ್ಲಿಸೋಣ.